ಆರೋ ಏಳೋ

ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಎಂದು
ಕೇಳುವುದು ನನ್ನ ಕೆಲಸ.
ಕಯಾನಿ ಆಸ್ಪತ್ರೆಯ ಮೂರನೆಯ ಮಹಡಿ,
ಮಧ್ಯಾಹ್ನ ಎರಡೂವರೆಗೇ ಕಿಟಕಿಯಲ್ಲಿ ಕತ್ತಲು,
ಹೊರಗೆ ಹಿಮ ಸರಿಸುವ ಟ್ರ್ಯಾಕ್ಟರಿನ ಹಳದಿ ದೀಪ
ಗೋಡೆಯ ಮೇಲೆ ಸುತ್ತಿ ಸುತ್ತಿ ಹೋಗುತ್ತದೆ.

ತೌನೊ ಪೆಸೊನೆನ್, ಮರದ ಮಿಲ್ಲಿನವನು,
ತುಂಬ ಯೋಚಿಸಿ ಹೇಳುತ್ತಾನೆ: "ನಾಲ್ಕು."
ಹಣೆಯ ಬೆವರು ದಿಂಬಿಗೆ ಇಳಿದಿದೆ.
ಈ ಊರಿನ ಗಂಡಸರ ನಾಲ್ಕನ್ನು ನಾನು ಬಲ್ಲೆ.
ಬಲ್ಲೆ ಅಂದೆನೆ?
ಮುಚ್ಚಿದ ಪಾತ್ರೆಯ ಹೊರಮೈ ಮುಟ್ಟಿ
ಒಳಗಿನ ಸಾರಿಗೆ ಉಪ್ಪೆಷ್ಟೆಂದು
ಹೇಳುವವಳ ಹಾಗೆ ಬಲ್ಲೆ.

ನೋಯುತ್ತಿರುವುದು ಎಡಗೈ.
ಎಡಗೈ ಇಲ್ಲ.
ಮಾರ್ಚಿನಲ್ಲಿ ಗರಗಸ ಅದನ್ನು ಒಯ್ದಿತು,
ಆಸ್ಪತ್ರೆಯ ಕುಲುಮೆ ಬೂದಿ ಮಾಡಿತು,
ಆ ಕಾಗದಕ್ಕೆ ಸಹಿ ಹಾಕಿಸಿದವಳು ನಾನೇ.
ಬಲಗೈಯವನು, ಅಕ್ಷರ ಕೆಡಲಿಲ್ಲ.

ಉಂಗುರವೊಂದು ಉಳಿಯಿತು.
ಹೆಂಡತಿ ಐರಿ ಸರದಲ್ಲಿ ಪೋಣಿಸಿ ತೊಟ್ಟಿದ್ದಾಳೆ,
ಅವಳ ಎದೆಯ ಕಾವಿಗೆ ಅದು ಬೆಚ್ಚಗಿದೆ.
ಅವನೆನ್ನುತ್ತಾನೆ: ಉಂಗುರ ಬಿಗಿ,
ಬೆರಳು ಊದಿದೆ, ಸ್ವಲ್ಪ ತೆಗೆಯಿರಿ.
ಸೋಪು ತರಲು ಎದ್ದೆ.
ಬಾಗಿಲ ತನಕ ಹೋಗಿ ನಿಂತೆ.

ಔಲುವಿನಿಂದ ಬಂದ ಹುಡುಗ, ಸಮುಲಿ,
ಅವನ ತಲೆಯನ್ನು ದೊಡ್ಡ ಕೊಳವೆಗೆ ತೂರಿಸಿ
ಮುಕ್ಕಾಲು ಗಂಟೆ ಚಿತ್ರ ತೆಗೆದ.
ಪರದೆಯ ಮೇಲೆ ಬೂದುಬಣ್ಣದ ಅಕ್ರೋಟು,
ಮಡಿಕೆಯೊಂದರಲ್ಲಿ ಕಿತ್ತಳೆ ಕೆಂಡ.
"ನೋಡಿ, ನಿಮ್ಮ ನೋವು!" ಅಂದ,
ಕಳೆದ ಕೀಲಿಕೈ ಸಿಕ್ಕವನ ಹಿಗ್ಗಿನಲ್ಲಿ.
ತೌನೊ ಕನ್ನಡಕವನ್ನು ಅಂಗಿಗೆ ತಿಕ್ಕಿ
ಬಹಳ ಹೊತ್ತು ನೋಡಿದ.
"ಚೆನ್ನಾಗಿದೆ," ಅಂದ. "ಇದು ನೋಯುತ್ತಿಲ್ಲ."

ಸಮುಲಿ ನಕ್ಕ, ಆಮೇಲೆ ನಗಲಿಲ್ಲ.
ಕೆಟ್ಟ ಹುಡುಗನಲ್ಲ. ಕೂತು ವಿವರಿಸಿದ,
ಈ ನರ, ಈ ರಸ, ಇಲ್ಲಿಂದ ಅಲ್ಲಿಗೆ ಸುದ್ದಿ.
ಒಂದು ಮಾತೂ ಸುಳ್ಳಲ್ಲ.
ಎಲ್ಲ ಹೇಳಿ ಮುಗಿಸಿದ ಮೇಲೂ
ಒಂದು "ಅಯ್ಯೋ" ಹೊರಗೇ ನಿಂತಿತ್ತು
ಬೂಟಿನ ಹಿಮ ಕೊಡವುತ್ತ.

"ಗರಗಸಕ್ಕೂ ತಂತಿಯಿದೆ, ಕಾವಿದೆ,"
ಎಂದ ತೌನೊ, ಯಾರಿಗೂ ಅಲ್ಲ ಎಂಬಂತೆ,
"ಗಂಟು ಸಿಕ್ಕರೆ ಕಿರುಚುತ್ತದೆ.
ಅದಕ್ಕೆ ನೋಯದು ಅಂದುಕೊಂಡಿದ್ದೆ
ಇಪ್ಪತ್ತೆಂಟು ವರ್ಷ.
ಈಗ ಖಾತ್ರಿಯಿಲ್ಲ."

ನಮೂನೆಯಲ್ಲಿ ಪದಗಳೂ ಇವೆ, ಗೆರೆ ಎಳೆಯಬೇಕು:
ಉರಿ, ಸೆಳೆತ, ಸಿಡಿತ, ಚುಚ್ಚು, ಜೋಮು.
ಎಲ್ಲ ಓದಿದ. ಯಾವುದಕ್ಕೂ ಎಳೆಯದೆ
ಅಂಚಿನ ಬಿಳಿಯಲ್ಲಿ ಬರೆದ:
ಒದ್ದೆ ಕೈಗವಸು ತೆಗೆಯಲು ಮರೆತ ಹಾಗೆ.
ಇದನ್ನು ಕಂಪ್ಯೂಟರಿಗೆ ಹೇಗೆ ತುಂಬಲಿ?
ಅದು ಅಂಕಿ ಕೇಳುತ್ತದೆ.
ಆರದ ನೋವಿಗೆ ಆರು ಎನ್ನಲೆ,
ಏಳು ಎಂದರೆ ಎದ್ದು ಹೋಗುತ್ತದೆಯೆ?

ಶನಿವಾರ ಸೌನಾಕ್ಕೆಂದು ಮನೆಗೆ ಬಿಟ್ಟೆವು.
ಸೋಮವಾರ ಬಂದು ಹೇಳಿದ:
ಕಾದ ಕಲ್ಲಿಗೆ ನೀರು ಹೊಯ್ದಾಗ
ಆವಿ ಮೊದಲು ಕಿವಿಗೆ, ಆಮೇಲೆ ಹೆಗಲಿಗೆ,
ಎಲ್ಲಕ್ಕೂ ಕೊನೆಗೆ ಆ ಕೈಗೆ ತಲುಪಿತು.
ಬೆರಳು ಒಂದೊಂದಾಗಿ ಬಿಚ್ಚಿದವು.
ಉಂಗುರ ಸಡಿಲವಾಯಿತು.

ಲೋಹ ಸುಡುತ್ತದೆಂದು
ಐರಿ ಅಂದು ಸರ ಬಿಚ್ಚಿ
ಹೊರಗಿನ ಮೊಳೆಗೆ ತೂಗುಹಾಕಿದ್ದಳಂತೆ.
ಇದು ಅವಳು ಹೇಳಿದ್ದು, ಬೇರೆ ಮಾತಿನ ನಡುವೆ.
ಎರಡನ್ನೂ ನಾನು ಕೂಡಿಸಲಿಲ್ಲ.
ಕೂಡಿಸದೆ ಇರಲೂ ಆಗಲಿಲ್ಲ.

ರಾತ್ರಿ ಬಸ್ಸಿಗೆ ಕಾಯುತ್ತ
ಎಡಗೈಯ ಗವಸು ಕಳಚಿದೆ.
ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಮೊದಲು ಚುರುಚುರು, ಆಮೇಲೆ ಬೆಂಕಿಯಂಥದು,
ಆಮೇಲೆ ಹೆಸರಿಲ್ಲದ್ದು.
ಎಷ್ಟು? ಎಂದು ನನ್ನನ್ನೇ ಕೇಳಿದೆ,
ದಿನವಿಡೀ ಕೇಳುವ ಅದೇ ದನಿಯಲ್ಲಿ.
ಇಷ್ಟು ಹತ್ತಿರವಿದ್ದೂ
ಅಂಕಿ ಬರಲಿಲ್ಲ.

ಬಸ್ಸು ಬಂತು, ಬಾಗಿಲು ತೆರೆಯಿತು.
ಡ್ರೈವರ್ ನನ್ನ ಬರಿಗೈ ನೋಡಿ,
"ಚಳಿಯೆ?" ಅಂದ.
"ಸ್ವಲ್ಪ," ಅಂದೆ.